ಲಾಸ್ಟ್ ಬಸ್ಸಿಗೆ ಮೊದಲು ಮುಗಿಯುವ ದುಡಿಮೆ

ಓದುತ್ತಲೇ ನಾಲ್ಕು ಕಾಸು ದುಡಿಯುವುದು ಹೇಗೆ ಎಂದು ಕೇಳಿದರೆ ಬೆಂಗಳೂರಿನಲ್ಲಿ ಸಿಗುವ ಉತ್ತರ ಒಂದು, ಕುಷ್ಟಗಿಯಲ್ಲಿ ಸಿಗುವುದು ಇನ್ನೊಂದು. ಅಲ್ಲಿ ಮಾಲ್ ಇದೆ, ಕಾಲ್ ಸೆಂಟರ್ ಇದೆ, ನಡುರಾತ್ರಿಯವರೆಗೆ ಊಟ ತಲುಪಿಸುವ ಬೈಕುಗಳಿವೆ. ಇಲ್ಲಿ ಮೊದಲು ಕೇಳಬೇಕಾದದ್ದು, ಊರಿಗೆ ಲಾಸ್ಟ್ ಬಸ್ ಎಷ್ಟು ಗಂಟೆಗೆ ಎಂದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಬಸ್ಸು ಹಿಡಿದು ಹಳ್ಳಿಯಿಂದ ಬಂದು ಹೋಗುವವರು. ಸಂಜೆ ಬಸ್ ತಪ್ಪಿದರೆ ದುಡಿದ ದುಡ್ಡು ಟಂಟಂ ಆಟೊಗೆ ಹೋಯಿತು.

ಓದುತ್ತ ದುಡಿಯುವುದು ನಮ್ಮ ಕಡೆ ಹೊಸ ಸಂಗತಿಯೇನಲ್ಲ. ಯಲಬುರ್ಗಾ, ಕುಷ್ಟಗಿಯ ಮಳೆ ನಂಬಿದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಗುಳೆ ಹೋಗುವುದುಂಟು. ಮಂಗಳೂರಿಗೋ ಗೋವಾಕ್ಕೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೊರಟ ಅಪ್ಪ–ಅವ್ವನ ಜೊತೆ ಪರೀಕ್ಷೆ ಮುಗಿಸಿದ ಮಗನೂ ಹೊರಡುತ್ತಾನೆ. ಫೀಸು ಹೊಂದಿಸಿಕೊಂಡು ಕಾಲೇಜು ಶುರುವಾಗುವ ಹೊತ್ತಿಗೆ ತಿರುಗಿ ಬರುವ ಲೆಕ್ಕ ಅವನದು. ಎಷ್ಟೋ ಸಲ ಲೆಕ್ಕ ತಪ್ಪುತ್ತದೆ. ಮೇಸ್ತ್ರಿ ಬಾಕಿ ಕೊಡುವುದು ತಡವಾಗುತ್ತದೆ, ಹಾಜರಿ ಶೇ 75 ಮುಟ್ಟುವುದಿಲ್ಲ, ಒಂದು ಸೆಮಿಸ್ಟರ್ ಕೈಬಿಟ್ಟವನಿಗೆ ಮುಂದಿನದಕ್ಕೆ ಮನಸ್ಸು ಬರುವುದಿಲ್ಲ. ಹುಡುಗ ಸೋಮಾರಿಯೇನಲ್ಲ, ಅವನ ಕೂಲಿ ಊರಿನಿಂದ ದೂರ ಇತ್ತು, ಅಷ್ಟೇ. ಅದಕ್ಕೇ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ವಿದ್ಯಾರ್ಥಿಗೆ ಯಾವ ಕೆಲಸ ಒಳ್ಳೆಯದು ಎಂದು ತೂಗುವಾಗ ಪಗಾರಕ್ಕಿಂತ ಮೊದಲು ದೂರ ನೋಡಬೇಕು ಎನ್ನುವುದು ನನ್ನ ವಾದ.

ಊರಲ್ಲೇ ಸಿಗುವ ಕೆಲಸವೆಂದರೆ ಉದ್ಯೋಗ ಖಾತ್ರಿ. 18 ತುಂಬಿದ ಯಾರೇ ಆಗಲಿ ಮನೆಯ ಜಾಬ್ ಕಾರ್ಡಿನಲ್ಲಿ ಹೆಸರಿದ್ದರೆ ಕೆಲಸ ಕೇಳಬಹುದು, ಡಿಗ್ರಿ ಓದುತ್ತಿರುವುದು ಅಡ್ಡಿಯಲ್ಲ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಒಂದೇ. 2020ರ ಲಾಕ್‌ಡೌನಿನಲ್ಲಿ ಉತ್ತರ ಕರ್ನಾಟಕದ ಎಷ್ಟೋ ಪದವೀಧರರು ಬುಟ್ಟಿ, ಸಲಿಕೆ ಹಿಡಿದು ಹೂಳೆತ್ತಿದ್ದರು. ಬೇಸಿಗೆ ರಜೆಗೆ ಇದು ಹೊಂದುತ್ತದೆ. ಓದು–ಬರಹ ಚೆನ್ನಾಗಿ ಬಲ್ಲವರು ಕೂಲಿಕಾರರ ಗುಂಪಿನ ಹಾಜರಿ ನೋಡಿಕೊಳ್ಳುವ ‘ಕಾಯಕ ಬಂಧು’ ಆಗಬಹುದೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಲಿ.

ಗಂಗಾವತಿ ಕಡೆ ಮಾತು ಬೇರೆ. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಎಲ್ಲರಿಗೂ ಕೆಲಸ, ಬಿಡದಿದ್ದರೆ ಯಾರಿಗೂ ಇಲ್ಲ. ಭತ್ತದ ನಾಟಿಯನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದು ಗುಂಪಿನವರು ಹಂಚಿಕೊಳ್ಳುವ ಪದ್ಧತಿ. ರಜೆಯಲ್ಲಿ ಅವ್ವನ ಗುಂಪಿಗೆ ಮಗಳೂ ಸೇರುತ್ತಾಳೆ. ಆದರೆ ಮುಂಗಾರು ನಾಟಿ ಕಾಲೇಜು ಶುರುವಾಗುವ ದಿನಗಳಿಗೇ ಬಂದು ಬೀಳುತ್ತದೆ, ಕೊಯ್ಲನ್ನು ಮಷೀನು ಕಸಿದುಕೊಂಡಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಈ ಭಾಗದ ಮನೆಗಳಲ್ಲಿ ಬೆಳೆಯ ಚಿಂತೆಯ ಜೊತೆಗೇ ಮಕ್ಕಳ ಫೀಸಿನ ಚಿಂತೆಯೂ ಎದ್ದಿತ್ತು.

ಕುಷ್ಟಗಿ, ಕೊಪ್ಪಳ ಸುತ್ತಿನ ಬೀಜೋತ್ಪಾದನೆಯ ಹೊಲಗಳದ್ದು ಸ್ವಾರಸ್ಯದ ಕಥೆ. ಜನ ಅದನ್ನು ‘ಸೀಡ್ಸ್ ಪ್ಲಾಟ್’ ಅನ್ನುತ್ತಾರೆ, ಅಲ್ಲಿಯ ಕೆಲಸಕ್ಕೆ ‘ಕ್ರಾಸಿಂಗ್’ ಅನ್ನುತ್ತಾರೆ. ಹೈಬ್ರಿಡ್ ಹತ್ತಿಯಲ್ಲಿ ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಎಸಳು ಸುಲಿದು, ಗಂಡು ಭಾಗ ತೆಗೆದುಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂ ತಂದು ಪರಾಗ ಸವರಬೇಕು. ಬಿಸಿಲೇರಿದರೆ ಕೆಲಸ ಕೆಟ್ಟಿತು. ಹೀಗೆ ದಿನಕ್ಕೆ ಎರಡು ಪಾಳಿ. ಸಂಜೆಯ ಪಾಳಿ ಕಾಲೇಜು ಬಿಟ್ಟು ಬಂದವರಿಗೆ ಹೇಳಿ ಮಾಡಿಸಿದಂತಿದೆ. ಬೆಳಗಿನದು ಮೊದಲ ಎರಡು ಪೀರಿಯಡ್ ನುಂಗುತ್ತದೆ. ನಾಜೂಕಿನ ಬೆರಳು ಬೇಕೆಂಬ ನೆಪದಲ್ಲಿ ಹಿಂದೆ ಈ ಹೊಲಗಳು ಶಾಲೆಯ ಹೆಣ್ಣುಮಕ್ಕಳನ್ನೇ ಎಳೆದುಕೊಂಡದ್ದು ಮರೆಯುವ ವಿಷಯವಲ್ಲ. 14ರೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಅಪರಾಧ. ಡಿಗ್ರಿ ಓದುವ ಅಕ್ಕ ಹೋಗಲಿ, ತಂಗಿಯನ್ನು ಜೊತೆಗೆ ಕರೆದೊಯ್ಯುವುದು ಬೇಡ. ಅಂದಹಾಗೆ, ಬಿಎಸ್‌ಸಿಯಲ್ಲಿ ಸಸ್ಯಶಾಸ್ತ್ರ ಓದುವವರು ಪುಸ್ತಕದಲ್ಲಿ ಬಾಯಿಪಾಠ ಮಾಡುವ ಪರಾಗಸ್ಪರ್ಶವನ್ನು ಇಲ್ಲಿ ದುಡ್ಡು ಪಡೆದು ಕಲಿಯುತ್ತಾರೆ. ಯಾವ ಕಾಲೇಜೂ ಅದಕ್ಕೆ ಅಂಕ ಕೊಟ್ಟದ್ದನ್ನು ನಾನು ಕೇಳಿಲ್ಲ.

ಬರೀ ಮೈಮುರಿಯುವ ಕೆಲಸವೇ ಆಗಬೇಕೆಂದಿಲ್ಲ. ಕಂದಾಯ, ಕೃಷಿ ಇಲಾಖೆಗಳ ಬೆಳೆ ಸಮೀಕ್ಷೆಯಲ್ಲಿ ‘ಖಾಸಗಿ ನಿವಾಸಿ’ ಎಂದು ಊರಿನ ಹುಡುಗರನ್ನೇ ತೆಗೆದುಕೊಳ್ಳುತ್ತಾರೆ. ಮೊಬೈಲ್ ಆ್ಯಪ್ ಹಿಡಿದು ಹೊಲದಿಂದ ಹೊಲಕ್ಕೆ ನಡೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಫೋಟೊ ಸಮೇತ ದಾಖಲಿಸಬೇಕು. ಪ್ಲಾಟಿಗೆ ಇಷ್ಟು ಎಂದು ಸಂಭಾವನೆ. ಹೊತ್ತು ನಿಮ್ಮದೇ: ಬೆಳಿಗ್ಗೆ ಬಸ್ಸಿಗೆ ಮೊದಲು ಹತ್ತು ಹೊಲ, ಭಾನುವಾರ ಉಳಿದದ್ದು. ಎರಿಹೊಲದಲ್ಲಿ ಮಳೆ ಬಿದ್ದ ಮರುದಿನ ಮಾತ್ರ ಹೋಗಬೇಡಿ, ಚಪ್ಪಲಿ ಅಲ್ಲೇ ಉಳಿಯುತ್ತದೆ. ದುಡ್ಡು ಕೈಗೆ ಬರುವುದು ತಡ ಎಂಬ ದೂರು ಹಳೆಯದು, ಆದ್ದರಿಂದ ಇದನ್ನು ನಂಬಿ ಪರೀಕ್ಷಾ ಶುಲ್ಕವನ್ನು ಕಡೆಯ ದಿನದವರೆಗೆ ಬಾಕಿ ಇಟ್ಟುಕೊಳ್ಳಬಾರದು.

ನನ್ನನ್ನು ಕೇಳಿದರೆ ಈ ನಾಲ್ಕೂ ಊರಿನಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಟ್ಯೂಷನ್. ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ, ಕಿತ್ತೂರು ಚೆನ್ನಮ್ಮ ವಸತಿ ಶಾಲೆ – ಇವುಗಳ ಪ್ರವೇಶ ಪರೀಕ್ಷೆಗೆ ಐದನೇ ತರಗತಿಯ ಮಕ್ಕಳನ್ನು ತಯಾರು ಮಾಡುವ ಹಪಾಹಪಿ ನಮ್ಮ ಹಳ್ಳಿಗಳಲ್ಲಿ ಎಷ್ಟಿದೆ ಎಂದು ಹೊರಗಿನವರಿಗೆ ಗೊತ್ತಾಗದು. ಕುಕನೂರಿನ ನವೋದಯದಲ್ಲಿ ಒಂದು ಸೀಟು ಸಿಕ್ಕರೆ ಮನೆಗೆ ಏಳು ವರ್ಷದ ನಿಶ್ಚಿಂತೆ. ಪೇಟೆಯ ಕೋಚಿಂಗಿಗೆ ಮಗುವನ್ನು ಹಾಸ್ಟೆಲ್ಲಿನಲ್ಲಿಟ್ಟು ದುಡ್ಡು ಸುರಿಯಲಾಗದ ತಂದೆ–ತಾಯಿ ಊರಲ್ಲೇ ಯಾರಾದರೂ ಗಣಿತ ಹೇಳಿಕೊಟ್ಟಾರೆಯೇ ಎಂದು ಹುಡುಕುತ್ತಾರೆ. ಬಿಎಸ್‌ಸಿ ಹುಡುಗಿ ಸಂಜೆ ಆರೂವರೆಗೆ ತನ್ನ ಮನೆ ಕಟ್ಟೆಯ ಮೇಲೆ ಎಂಟ್ಹತ್ತು ಮಕ್ಕಳನ್ನು ಕೂರಿಸಿಕೊಂಡರೆ ಬಸ್ಸಿನ ಚಿಂತೆಯಿಲ್ಲ, ಮನೆಯವರ ತಕರಾರಿಲ್ಲ. ಭಿನ್ನರಾಶಿ, ಶೇಕಡಾ, ಲಸಾಅ–ಮಸಾಅ ದಿನವೂ ತಿರುವಿಹಾಕುವುದರಿಂದ ಮುಂದೆ ಅವಳೇ ಬರೆಯುವ ಪಿಡಿಒ, ಪೊಲೀಸ್ ಪರೀಕ್ಷೆಗೂ ತಯಾರಿ ಆಗುತ್ತದೆ. ಒಂದು ಕಿವಿಮಾತು: ಊರಿನವರೆಂದು ಫೀಸು ಕೇಳಲು ಸಂಕೋಚಪಡಬೇಡಿ. ‘ತಗೋಳವ್ವಾ, ಮುಂದಿನ ವಾರ ಕೊಡ್ತೀನಿ’ ಅನ್ನುವ ಮಾತಿಗೆ ಕೊನೆಯಿರುವುದಿಲ್ಲ. ತಿಂಗಳ ಮೊದಲ ವಾರವೇ ತೆಗೆದುಕೊಳ್ಳಿ.

ಜಾಗಕ್ಕೆ ತಕ್ಕಂತೆ ಇನ್ನೂ ಕೆಲವಿವೆ. ಕೊಪ್ಪಳಕ್ಕಂಟಿದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೆಲಸವನ್ನು ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಮಾಡುತ್ತಾರೆ; ಆ ಕೂದಲು ವಿದೇಶದ ವಿಗ್ ಕಂಪನಿಗಳವರೆಗೆ ಹೋಗುತ್ತದೆ. ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಗೊಂಬೆಗೆ ಬಣ್ಣ ಹಚ್ಚುವುದು ಓದಿನ ಜೊತೆಗೇ ನಡೆದು ಬಂದಿದೆ. ಹುಲಿಗಿಯಲ್ಲಿ ದೇವಿಯ ದರ್ಶನಕ್ಕೆ ಜನ ಸೇರುವ ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ, ಕೊಪ್ಪಳದ ಗವಿಮಠದ ಜಾತ್ರೆಗೆ ಜನವರಿಯಲ್ಲಿ ಸಣ್ಣ ಅಂಗಡಿಗಳಿಗೆ ಕೈಯಾಳು ಬೇಕೇ ಬೇಕು. ಮದುವೆ ಸೀಸನ್ನಿನಲ್ಲಿ ಕೇಟರಿಂಗಿನವರ ಜೊತೆ ಬಡಿಸಲು ಹೋಗುವ ಹುಡುಗರಿಗೆ ಕೂಲಿಯ ಜೊತೆ ಒಂದು ಹೊತ್ತಿನ ಹೋಳಿಗೆ ಊಟವೂ ಸಿಕ್ಕೀತು.

ಆನೆಗೊಂದಿಯದ್ದು ಮಾತ್ರ ಇನ್ನೂ ಪೂರಾ ಬಳಕೆಯಾಗದ ಅವಕಾಶ. ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಶನಿವಾರ, ಭಾನುವಾರ ಹೊರರಾಜ್ಯದವರೇ ಸಾಲುಗಟ್ಟುತ್ತಾರೆ. ಪಂಪಾ ಸರೋವರ, ಸಾಣಾಪುರ ಕೆರೆಯ ಹರಿಗೋಲು ಕಡೆಗೂ ಅದೇ ಗುಂಪು ಹೋಗುತ್ತದೆ. ಗಂಗಾವತಿ ಸುತ್ತ ತೆಲುಗು ಮಾತಿನವರು ನೆಲೆಸಿದ ಕ್ಯಾಂಪುಗಳಲ್ಲಿ ಬೆಳೆದ ಹುಡುಗರಿಗೆ ಕನ್ನಡದಷ್ಟೇ ಸಲೀಸಾಗಿ ತೆಲುಗು ಬರುತ್ತದೆ, ಹಿಂದಿಯೂ ನಡೆಯುತ್ತದೆ. ಇತಿಹಾಸ ಓದುವ ಬಿಎ ವಿದ್ಯಾರ್ಥಿಗೆ ಈ ಪ್ರವಾಸಿಗರ ಗೈಡ್ ಆಗುವುದಕ್ಕಿಂತ ಒಳ್ಳೆಯ ವಾರಾಂತ್ಯದ ದುಡಿಮೆ ಯಾವುದಿದ್ದೀತು? ತರಬೇತಿ, ಗುರುತಿನ ಚೀಟಿ ಕೊಟ್ಟು ನಿಲ್ಲಿಸುವವರು ಬೇಕು.

ಕಾರ್ಖಾನೆಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, ಗಿಣಿಗೇರಿ ಕಡೆ ಉಕ್ಕಿನ ಕಾರ್ಖಾನೆಗಳು ಮೊದಲಿನಿಂದಲೂ ಇವೆ. ಓದು ಮುಗಿಸಿದವರಿಗೆ ಒಳ್ಳೆಯದೇ. ಆದರೆ ಕಾರ್ಖಾನೆ ಕೇಳುವುದು ಎಂಟು ತಾಸಿನ ಶಿಫ್ಟು. ರಜೆಯಲ್ಲಿ ಎರಡು ತಿಂಗಳಿಗೆಂದು ಹೋದವನಿಗೆ ಪಗಾರದ ರುಚಿ ಹತ್ತಿ ಮೂರನೇ ತಿಂಗಳೂ ಅಲ್ಲೇ ಉಳಿದರೆ ಡಿಗ್ರಿ ಅಲ್ಲಿಗೆ ನಿಂತಿತು.

ಇನ್ನು ಮೊಬೈಲಿನೊಳಗಿನ ದುಡಿಮೆ. ವಾಟ್ಸ್ಆ್ಯಪಿಗೆ ಬರುವ ‘ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ’ ಎಂಬ ಸಂದೇಶದ ಹಿಂದೆ ಒಂದೇ ತಂತ್ರ. ವಿಡಿಯೊಗೆ ಲೈಕ್ ಒತ್ತಿದ್ದಕ್ಕೆ ಮೊದಲು ನೂರಿನ್ನೂರು ಖಾತೆಗೆ ಹಾಕುತ್ತಾರೆ, ನಂಬಿಕೆ ಬಂದ ಮೇಲೆ ಟೆಲಿಗ್ರಾಮ್ ಗುಂಪಿಗೆ ಸೇರಿಸಿ ‘ಟಾಸ್ಕ್’ಗೆ ಮುಂಗಡ ಕಟ್ಟಿಸಿಕೊಳ್ಳುತ್ತಾರೆ, ಕಟ್ಟಿದ್ದು ತಿರುಗಿ ಬರುವುದಿಲ್ಲ. ಇದಕ್ಕಿಂತ ಅಪಾಯದ್ದು ‘ನಿನ್ನ ಬ್ಯಾಂಕ್ ಖಾತೆ ಕೊಡು, ಕಮಿಷನ್ ಕೊಡುತ್ತೇವೆ’ ಎನ್ನುವುದು. ಆ ಖಾತೆಯಲ್ಲಿ ಹರಿಯುವುದು ಯಾರಿಂದಲೋ ದೋಚಿದ ಹಣ. ಪೊಲೀಸರು ಬರುವುದು ಖಾತೆದಾರನ ಮನೆಗೆ. ಸ್ಕಾಲರ್‌ಶಿಪ್ಪಿಗೆಂದು ತೆರೆದ ಖಾತೆಯನ್ನು ಹೀಗೆ ಬಾಡಿಗೆಗೆ ಕೊಟ್ಟರೆ ಸ್ಕಾಲರ್‌ಶಿಪ್ಪೂ ಅದರಲ್ಲೇ ಸಿಕ್ಕಿಬೀಳುತ್ತದೆ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಕಾನೂನು ತಂದು ನಿಷೇಧಿಸಿದೆ. ‘ರಮ್ಮಿ ಆಡಿ ಫೀಸು ಕಟ್ಟಿದೆ’ ಎನ್ನುವ ಗೆಳೆಯನ ಮಾತಿಗೆ ಕಿವಿಗೊಡಬೇಡಿ, ಅವನು ಸೋತದ್ದನ್ನು ಹೇಳಿರುವುದಿಲ್ಲ.

ದುಡಿಯುವುದಕ್ಕೂ ಮೊದಲು ಹಕ್ಕಿನ ಹಣ ಕೇಳಿ ಪಡೆದಿದ್ದೀರಾ ನೋಡಿಕೊಳ್ಳಿ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ, ಬಿಎಸ್‌ಸಿ ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿ ಮಾಡಿದ್ದರು. ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಕಲಿತು ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ವಿದ್ಯಾರ್ಥಿವೇತನ ವರ್ಷಕ್ಕೆ 30,000. ಅರ್ಜಿ ಹಾಕುವುದರಲ್ಲಿ ಕಳೆಯುವ ಒಂದು ಮಧ್ಯಾಹ್ನದಷ್ಟು ಕೂಲಿ ಬೇರೆಲ್ಲೂ ಗಿಟ್ಟದು. ಯುವನಿಧಿ ಭತ್ಯೆಯ ಆಸೆ ಮಾತ್ರ ಈಗಲೇ ಬೇಡ. ಅದು ಪಾಸಾಗಿ 180 ದಿನವಾದರೂ ಕೆಲಸ ಸಿಗದವರಿಗೆ, ಓದುತ್ತಿರುವವರಿಗಲ್ಲ.

ಕೊನೆಯದು ಕಾಲೇಜುಗಳಿಗೆ ಹೇಳುವ ಮಾತು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಲು, ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳಲು, ಪ್ರವೇಶದ ದಿನಗಳಲ್ಲಿ ಹಳ್ಳಿಯಿಂದ ಬಂದವರ ಅರ್ಜಿ ತುಂಬಲು ಆಳು ಸಾಲದೆಂದು ಪ್ರಾಂಶುಪಾಲರೇ ಹೇಳುತ್ತಾರೆ. ಆ ಕೆಲಸವನ್ನು ತಾಸಿನ ಲೆಕ್ಕದಲ್ಲಿ ನಿಮ್ಮದೇ ವಿದ್ಯಾರ್ಥಿಗಳಿಗೆ ಕೊಡಿ, ಕೂಲಿಯನ್ನು ಅದೇ ತಿಂಗಳು ಕೊಡಿ. ಕಾಲೇಜು ಅಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲೇ ಈ ವಿಷಯ ಎತ್ತಿ, ಬೇಸಿಗೆಯ ಗುಳೆಗೆ ಮೊದಲೇ ತೀರ್ಮಾನ ಮಾಡಿ.