ಹಿಡಿ ಗಟ್ಟಿಯಿದ್ದರೆ ಕೆಲಸ ಗಟ್ಟಿ

ಆಯುಧ ಪೂಜೆಯ ದಿನ ನಮ್ಮ ತೋಟದ ಮನೆಗಳಲ್ಲಿ ಕತ್ತಿ, ಕೊಡಲಿ, ಗುದ್ದಲಿ, ಹಾರೆ, ಪಿಕಾಸಿಗಳೆಲ್ಲ ಅಂಗಳಕ್ಕೆ ಬರುತ್ತವೆ. ತೊಳೆದು, ಒರೆಸಿ, ಕುಂಕುಮ ಹಚ್ಚುವಾಗ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವುದೂ ಉಂಟು. ಆ ದಿನ ಹೆಚ್ಚುಕಡಿಮೆ ಎಲ್ಲ ಹಿಡಿಗಳೂ ಗಟ್ಟಿಯಾಗಿಯೇ ಇರುತ್ತವೆ. ಅವೇ ಹತ್ಯಾರುಗಳನ್ನು ಶಿವರಾತ್ರಿ ಕಳೆದ ಮೇಲೆ ಅಲ್ಲಾಡಿಸಿ ನೋಡಿದರೆ ಹಲವು ಕಟಕಟ ಎನ್ನುತ್ತವೆ. ಇದಕ್ಕೆ ಕಮ್ಮಾರನನ್ನೂ ದೂರಬೇಕಿಲ್ಲ, ಕೆಲಸದವರನ್ನೂ ದೂರಬೇಕಿಲ್ಲ. ಅದು ಮರದ ಗುಣ. ಆ ಗುಣವನ್ನು ತಿಳಿದುಕೊಂಡರೆ ಹಿಡಿಯನ್ನು ಯಾವಾಗ ಬಿಗಿಮಾಡಬೇಕು, ಹೇಗೆ ಬಿಗಿಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮರ ಕಡಿದು ಎಷ್ಟೇ ವರ್ಷವಾಗಿದ್ದರೂ ಅದು ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಉಬ್ಬುತ್ತದೆ, ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿಗೆ ಕುಗ್ಗುತ್ತದೆ. ಹಸಿ ಮರ ಪೂರ್ತಿ ಒಣಗುವಾಗ ಉದ್ದಕ್ಕೆ ಕುಗ್ಗುವುದು ಸಾವಿರಕ್ಕೆ ಒಂದೆರಡು ಭಾಗ ಮಾತ್ರ. ಅಡ್ಡಕ್ಕಾದರೆ, ಮರದ ಜಾತಿಯನ್ನೂ ಸೀಳಿದ ದಿಕ್ಕನ್ನೂ ಅನುಸರಿಸಿ ನೂರಕ್ಕೆ 3ರಿಂದ 10 ಭಾಗದವರೆಗೂ ಕುಗ್ಗಬಹುದು. ಕಬ್ಬಿಣಕ್ಕೆ ಈ ಗುಣವಿಲ್ಲ. ಹೀಗಾಗಿ ಕೊಡಲಿಯ ಕಣ್ಣು ಇದ್ದಷ್ಟೇ ಇರುತ್ತದೆ. ಅದರೊಳಗಿನ ಕಾವು ಸಣ್ಣದಾಗುತ್ತದೆ. ಆಯುಧ ಪೂಜೆಯ ಹೊತ್ತಿಗೆ ಮರ ಮಳೆಗಾಲದ ತೇವವನ್ನು ಇನ್ನೂ ಬಿಟ್ಟಿರುವುದಿಲ್ಲವಾದ್ದರಿಂದ ಅಂದಿನ ಬಿಗಿಯನ್ನು ನಂಬುವಂತಿಲ್ಲ.

ಮೂರು ತಪ್ಪು ಉಪಾಯಗಳು

ಸಡಿಲವಾದ ಕೊಡಲಿಯನ್ನು ರಾತ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ತೆಗೆಯುವುದು ಎಲ್ಲ ಕಡೆ ಇರುವ ರೂಢಿ. ಬೆಳಿಗ್ಗೆ ಅದು ಗಟ್ಟಿಯಾಗಿರುವುದು ನಿಜ. ಆದರೆ ಉಬ್ಬಿದ ಮರಕ್ಕೆ ಕಬ್ಬಿಣದ ಕಣ್ಣು ಜಾಗ ಕೊಡುವುದಿಲ್ಲ. ಮರದ ನಾರುಗಳೇ ಜಜ್ಜಿಹೋಗುತ್ತವೆ. ಒಣಗಿದಾಗ ಆ ಕಾವು ಮೊದಲಿಗಿಂತಲೂ ಸಣ್ಣದಾಗುತ್ತದೆ. ಮೊದಲು ವಾರಕ್ಕೊಮ್ಮೆ ನೆನೆಸಿದರೆ ಸಾಕಾಗುತ್ತಿದ್ದ ಕೊಡಲಿಯನ್ನು ಕ್ರಮೇಣ ದಿನವೂ ನೆನೆಸಬೇಕಾಗುವುದು ಈ ಕಾರಣದಿಂದಲೇ. ಜೊತೆಗೆ ಕಣ್ಣಿನೊಳಗೆ ತುಕ್ಕು, ಕಾವಿಗೆ ಕೊಳೆ.

ಎರಡನೆಯದು ಕಾವಿನ ತಲೆಗೆ ಕಬ್ಬಿಣದ ಮೊಳೆ ಹೊಡೆಯುವುದು. ಮೊಳೆ ಮರವನ್ನು ಎಲ್ಲಿ ಬೇಕೋ ಅಲ್ಲಿ ಅಗಲಿಸುವುದಿಲ್ಲ. ಎಳೆ ಸಿಕ್ಕಿದ ಕಡೆ ಸೀಳುತ್ತದೆ. ಮುಂದೆ ಬೆಣೆ ಹೊಡೆಯೋಣವೆಂದರೂ ಆ ಸೀಳು ಬಿಡುವುದಿಲ್ಲ.

ಮೂರನೆಯದು ಮುರಿದ ಕಾವನ್ನು ತೆಗೆಯಲು ಕೊಡಲಿಯನ್ನೇ ಒಲೆಗೆ ಹಾಕುವುದು. ಕಮ್ಮಾರನು ಬಾಯಿಗೆ ಕೊಟ್ಟ ಹದ ಅಲ್ಲಿಗೆ ಮುಗಿಯಿತು. ಉಕ್ಕಿನ ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಶಾಖ ಸುಮಾರು 300 ಡಿಗ್ರಿಗೆ ಬಂದಿದೆ, ಗಡಸುತನ ಇಳಿದಿದೆ ಎಂದು ತಿಳಿಯಬೇಕು. ಮುರಿದ ಕಾವನ್ನು ಬೈರಿಗೆಯಿಂದ ಕೊರೆದು, ಕಬ್ಬಿಣದ ಸರಳಿಟ್ಟು ಬಡಿದು ತೆಗೆಯುವುದೇ ಸರಿ.

ಯಾರ ಕೈಗೆ ಬರುತ್ತದೆ?

ಕಾಫಿ ತೋಟದಲ್ಲಿ ಮರಗಸಿ ನಡೆಯುವುದು ಸಾಮಾನ್ಯವಾಗಿ ಮುಂಗಾರಿಗೆ ಮುಂಚೆ. ಅಂದರೆ ವರ್ಷದಲ್ಲಿ ಹಿಡಿಗಳು ಅತ್ಯಂತ ಸಡಿಲವಾಗಿರುವ ಕಾಲದಲ್ಲೇ ನಾವು ಜನರನ್ನು ಕತ್ತಿ ಕೊಟ್ಟು ಮರ ಹತ್ತಿಸುತ್ತೇವೆ. ಮೇಲಿದ್ದವನು ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಬೀಸುತ್ತಾನೆ. ಕೆಳಗೆ ಸೊಪ್ಪು ಸವರಿ ಕಟ್ಟಿಗೆ ಒಟ್ಟುವವರು ಇರುತ್ತಾರೆ. ಹಿಡಿಯಿಂದ ಕಳಚಿದ ಕತ್ತಿ ಎಲ್ಲಿ ಬೀಳುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಕಳಚದೆ ಬರಿದೆ ತಿರುಗಿದರೂ ಏಟು ಜಾರಿ ಮೊಣಕಾಲಿಗೆ ಬರುತ್ತದೆ.

ಇನ್ನೊಂದು ಮಾತು. ಹಳೆಯ ಕೆಲಸಗಾರರು ತಮ್ಮ ಕೈಗೆ ಒಗ್ಗಿದ ಕತ್ತಿಯನ್ನು ಬೇರೆಯವರಿಗೆ ಕೊಡುವುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಉಳಿದದ್ದು ಹೊಸದಾಗಿ ಬಂದವರ ಪಾಲು. ಈಗ ನಮ್ಮ ತೋಟಗಳಿಗೆ ಹೊರ ರಾಜ್ಯಗಳಿಂದ ಬರುವವರು ಬಹಳ. ಅವರಿಗೆ ನಮ್ಮ ಹತ್ಯಾರಿನ ಬಳಕೆಯಿಲ್ಲ, ಹಿಡಿ ಸರಿಯಿಲ್ಲವೆಂದು ಹೇಳಲು ಭಾಷೆಯೂ ಇಲ್ಲ. ಸಡಿಲ ಹಿಡಿಯನ್ನು ಹುಡುಕಿ ತೆಗೆಯುವ ಹೊಣೆ ಆದ್ದರಿಂದ ತೋಟದ ಯಜಮಾನನದೇ.

ಕೊಡಲಿ, ಪಿಕಾಸಿ

ಕೊಡಲಿಯ ಕಣ್ಣನ್ನು ಮೊದಲು ತುಕ್ಕು ತೆಗೆದು ಚೊಕ್ಕ ಮಾಡಬೇಕು. ಚೆನ್ನಾಗಿ ಒಣಗಿದ ಕಾವಿನ ತಲೆಯಲ್ಲಿ, ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಗರಗಸದಿಂದ ಸೀಳು ಕೊಡಬೇಕು. ಸೀಳು ಕಣ್ಣಿನ ಉದ್ದದ ದಿಕ್ಕಿಗೇ ಇರಲಿ. ಕಾವನ್ನು ತೂರಿಸಿ, ಕೊಡಲಿ ಕೆಳಗೆ ತೂಗುವಂತೆ ಕಾವನ್ನು ಹಿಡಿದು, ಮೇಲಿನ ತುದಿಗೆ ಮರದ ಕೊಡತಿಯಿಂದ ಹೊಡೆದರೆ ಕೊಡಲಿಯ ತಲೆ ತನ್ನ ತೂಕಕ್ಕೆ ತಾನೇ ಏರಿ ಕೂರುತ್ತದೆ. ಕಾವಿನ ತಲೆ ಕಣ್ಣಿನಿಂದ ಕಾಲು ಅಂಗುಲ ಹೊರಗಿರಲಿ. ಆ ಸೀಳಿಗೆ ಒಣಗಿದ ಗಟ್ಟಿ ಮರದ ಬೆಣೆ ಹೊಡೆದರೆ ಹೊರಗುಳಿದ ಭಾಗ ಅಗಲವಾಗಿ ತಲೆ ಜಾರದಂತೆ ತಡೆಯುತ್ತದೆ. ಅನಂತರ ಬೆಣೆಯ ತಲೆಗೆ ಬೇಯಿಸಿದ ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಕುಡಿಸಬೇಕು. ಮರ ತೇವವನ್ನು ಹೆಚ್ಚಾಗಿ ಎಳೆಯುವುದು ಅಡ್ಡ ಕೊಯ್ದ ಆ ಮುಖದಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಗೋಣಿಚೀಲಗಳ ಬಳಿ ಎಸೆಯಬಾರದು. ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಕಾದು ಬೆಂಕಿ ಹೊತ್ತುವುದುಂಟು. ಹರಡಿ ಒಣಗಿಸಬೇಕು, ಇಲ್ಲವೇ ನೀರಿಗೆ ಹಾಕಬೇಕು.

ಪಿಕಾಸಿಯದು ಬೇರೆ ಕ್ರಮ. ಅದರ ಕಾವಿನ ದಪ್ಪ ತುದಿ ಮೇಲಿದ್ದು, ಬೀಸಿದಷ್ಟೂ ತಲೆ ಆ ದಪ್ಪಕ್ಕೆ ಹೋಗಿ ಬಿಗಿಯುತ್ತದೆ. ಅದು ಸಡಿಲವಾದರೆ ಬೆಣೆ ಬೇಡ. ಕಾವಿನ ದಪ್ಪ ತುದಿಯೇ ಸವೆದಿದ್ದರೆ ಹೊಸ ಕಾವು ಹಾಕುವುದೇ ದಾರಿ.

ಕತ್ತಿಯ ಹಿಡಿ

ಕತ್ತಿಯ ಬಾಲ ಹಿಡಿಯೊಳಗೆ ಅಲುಗಾಡಿದರೆ ನಮ್ಮ ಹಿರಿಯರ ಅರಗಿನ ಉಪಾಯ ಇಂದಿಗೂ ಒಳ್ಳೆಯದೇ. ಅರಗಿನ ಪುಡಿಗೆ ನುಣ್ಣನೆಯ ಇಟ್ಟಿಗೆ ಪುಡಿ ಬೆರೆಸಿ ತೂತಿಗೆ ತುಂಬಬೇಕು. ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಅರಗು ಕರಗುವಷ್ಟು ಕಾಯಿಸಿ ನೆಟ್ಟಗೆ ಒತ್ತಿ, ತಣಿಯುವವರೆಗೆ ಹಿಡಿದಿರಬೇಕು. ಅರಗು 70 ಡಿಗ್ರಿ ಶಾಖದ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಡಿಕೆ ಬೇಯಿಸುವ ಒಲೆಯ ಬಾಯಲ್ಲಿ ಮರೆತಿಟ್ಟ ಕತ್ತಿಯ ಹಿಡಿ ಕಳಚುವುದು ಅದಕ್ಕೇ. ಅರಗು ಸಿಗದಿದ್ದರೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಆಗುತ್ತದೆ. ಬಾಲದ ತುಕ್ಕನ್ನೂ ಎಣ್ಣೆಯನ್ನೂ ಪೂರ್ತಿ ತೆಗೆದಿರಬೇಕು, ಹಚ್ಚಿದ ಮೇಲೆ ಒಂದು ರಾತ್ರಿ ಮುಟ್ಟದೆ ಇಡಬೇಕು. ಹಿಡಿಯ ಬಾಯಿಯ ಕಬ್ಬಿಣದ ಬಳೆ ಸಡಿಲವಾಗಿದ್ದರೆ ಮೊದಲು ಅದನ್ನು ಬಿಗಿಮಾಡಿಸಬೇಕು. ಬಳೆಯಿಲ್ಲದ ಹಿಡಿ ಸೀಳಿಯೇ ಸೀಳುತ್ತದೆ.

ಗಿಡ ಕಸಿ ಮಾಡುವ ಕತ್ತರಿಗಳ ಪ್ಲಾಸ್ಟಿಕ್ ಹಿಡಿ ಜಾರಿ ಬರುವುದು ಈಗಿನ ಸಾಮಾನ್ಯ ತೊಂದರೆ. ಒಳಗೆ ಸೇರಿದ ಎಣ್ಣೆ, ಬೆವರು, ಮಣ್ಣು ಇದಕ್ಕೆ ಕಾರಣ. ಹಿಡಿಯನ್ನು ಕಳಚಿ, ಒಳಗೂ ಹೊರಗೂ ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಕಬ್ಬಿಣಕ್ಕೆ ತೆಳ್ಳಗೆ ರಬ್ಬರ್ ಅಂಟು ಸವರಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಹಿಡಿಯ ನೀರು ಒರೆಸಿ ಕೂಡಲೇ ಏರಿಸಬೇಕು. ಹಿಡಿ ಹರಿದಿದ್ದರೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದು ಸುತ್ತಿ ಅಂಟಿಸಿದರೂ ಕೆಲಸ ನಡೆಯುತ್ತದೆ. ಎಣ್ಣೆ ಬಿಡುವಾಗ ಕೀಲಿಗೆ ಮಾತ್ರ ಬಿಟ್ಟು ಹಿಡಿಗೆ ತಾಗದಂತೆ ನೋಡಿಕೊಂಡರೆ ಈ ರಗಳೆಯೇ ಇಲ್ಲ.

ಅಡಿಕೆ ಬೆಳೆಗಾರರು ದೋಟಿಯನ್ನು ಮರೆಯಬಾರದು. ಬಿದಿರೂ ಒಣಗಿ ಕುಗ್ಗುತ್ತದೆ. ಕತ್ತಿ ಕಟ್ಟಿದ ಕಟ್ಟು ಸಡಿಲವಾಗುತ್ತದೆ. 40, 50 ಅಡಿ ಎತ್ತರದಿಂದ ಬೀಳುವ ಕತ್ತಿಗೆ ಕೆಳಗಿನವರು ಕಣ್ಣೆತ್ತಿ ನೋಡುವಷ್ಟೂ ಹೊತ್ತಿರುವುದಿಲ್ಲ. ಎರಡು ಕಡೆ ಕಟ್ಟಿರಬೇಕು, ಪ್ರತಿದಿನ ಬೆಳಿಗ್ಗೆ ಎಳೆದು ನೋಡಬೇಕು. ಫೈಬರ್ ದೋಟಿಯಾದರೂ ಕತ್ತಿಯ ಬೋಲ್ಟು, ಕೊಳವೆಗಳ ಬೀಗ ಎರಡನ್ನೂ ನೋಡಲೇಬೇಕು.

ಕಾವಿನ ಮರ

ಕಾವಿಗೆ ದಡಸಲಿನಂಥ ಬಳುಕುವ ಗಟ್ಟಿ ಮರ ಒಳ್ಳೆಯದು. ತೋಟದಲ್ಲಿ ಧಾರಾಳವಾಗಿ ಸಿಗುತ್ತದೆಂದು ಸಿಲ್ವರ್ ಓಕ್ ಹಾಕಿದರೆ ಕಾವು ಬಾಳುವುದಿಲ್ಲ. ಎಳೆ ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು, ಗಂಟಿರಬಾರದು. ಕಡಿದ ಗಳವನ್ನು ಅಟ್ಟದ ಮೇಲೆ ನೆರಳಿನಲ್ಲಿ ಒಂದು ವರ್ಷವಾದರೂ ಒಣಗಿಸಿ, ಕುಟ್ಟೆ ಹಿಡಿಯದಂತೆ ಬಿಳಿ ಮರದ ಭಾಗವನ್ನು ಕೆತ್ತಿ ತೆಗೆದು ಬಳಸಬೇಕು. ಈ ವರ್ಷ ನಾಲ್ಕು ಗಳ ಅಟ್ಟಕ್ಕೆ ಹಾಕಿದವರಿಗೆ ಮುಂದಿನ ವರ್ಷ ಕಾವಿನ ಚಿಂತೆಯಿಲ್ಲ.

ಇಷ್ಟೆಲ್ಲ ಮಾಡಲು ಪುರುಸೊತ್ತೆಲ್ಲಿ ಎಂದು ಕೆಲವರು ಕೇಳಬಹುದು. ನಾಲ್ಕು ಮಂದಿ ದಿನಕ್ಕೆ ಕಾಲು ಗಂಟೆಯಂತೆ ಕತ್ತಿಯ ಹಿಡಿಯನ್ನು ಕಲ್ಲಿಗೆ ಕುಟ್ಟಿಕೊಂಡು ನಿಂತರೆ ದಿನಕ್ಕೆ ಒಂದು ಗಂಟೆ ಹೋಯಿತು. ಎಂಟು ದಿನಕ್ಕೆ ಒಂದು ಆಳಿನ ಪೂರ್ತಿ ಸಂಬಳ ಹೋಯಿತು. ಅಷ್ಟು ಹೊತ್ತಿನಲ್ಲಿ ಒಂದು ಚಿಕ್ಕ ತೋಟದ ಹತ್ಯಾರುಗಳನ್ನೆಲ್ಲ ಸರಿಮಾಡಬಹುದು.

ಆಯುಧ ಪೂಜೆ ಎಂದಿನಂತೆ ನಡೆಯಲಿ. ಅದರ ಜೊತೆಗೆ ಮಾರ್ಚ್ ತಿಂಗಳ ಒಂದು ಸಂತೆಯ ರಜದಲ್ಲಿ, ಕೊಯ್ಲು ಮುಗಿದು ಮರಗಸಿ ಶುರುವಾಗುವ ಮೊದಲು, ಹತ್ಯಾರುಗಳನ್ನು ಇನ್ನೊಮ್ಮೆ ಅಂಗಳಕ್ಕೆ ತರೋಣ. ಒಂದೊಂದನ್ನೂ ಹಿಡಿದು, ಅಲ್ಲಾಡಿಸಿ, ಸದ್ದು ಬಂದದ್ದನ್ನು ಬೇರೆ ಇಡೋಣ. ಸರಿಯಾಗುವವರೆಗೆ ಅದನ್ನು ಯಾರ ಕೈಗೂ ಕೊಡದಿರೋಣ.