ಅಕ್ಷರಸರಣಿಗಳ ಅನ್ವಯವಿಚಾರ

ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಹೇತುಗಳೆಂಬುದು ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆಲ್ಲ ವಿದಿತವಾಗಿಯೇ ಇದೆ. ಭಾಷಾಪರಿಚ್ಛೇದಕಾರನಾದ ವಿಶ್ವನಾಥನು ಇವುಗಳೊಡನೆ ತಾತ್ಪರ್ಯಜ್ಞಾನವನ್ನೂ ಎಣಿಸಿದ್ದಾನೆ. ಈ ನಾಲ್ಕರಲ್ಲಿ ಮೊದಲಿನ ಮೂರನ್ನು ಗಣಕಯಂತ್ರವೂ ಮನುಷ್ಯನಿಗಿಂತ ಬಿಗಿಯಾಗಿ ಪಾಲಿಸುತ್ತದೆ. ನಾಲ್ಕನೆಯದು ಮಾತ್ರ ಅದಕ್ಕೆ ಅಗೋಚರವಾದುದು. ಅಡಾ ಭಾಷೆಯ ಗ್ನ್ಯಾಟ್ ಎಂಬ ಕಂಪೈಲರಿಗೆ ಸಂಬಂಧಿಸಿದ ಪ್ರಾಜೆಕ್ಟ್ ಕಡತಗಳ ದ್ವಾರಾ ಈ ಸಂಗತಿಯನ್ನು ವಿಶದಪಡಿಸಬಹುದು.

ಅಡಾ ಎಂಬುದು 1983ರಲ್ಲಿ ಅಮೆರಿಕದಲ್ಲಿ ಪ್ರಮಾಣೀಕೃತವಾದ ಗಣಕಭಾಷೆ. ಅಡಾ ಲವ್ಲೇಸ್ (1815–1852) ಎಂಬ ವಿದುಷಿಯ ಸ್ಮರಣಾರ್ಥವಾಗಿ ಅದಕ್ಕೆ ಆ ಹೆಸರು ಬಂದಿತು. ಗ್ನ್ಯಾಟ್ ಕಂಪೈಲರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದ ಪೂರ್ವಾರ್ಧದಲ್ಲಿ ರೂಪುಗೊಂಡಿತು. ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಪರಿವರ್ತಿಸುವುದು ಕಂಪೈಲರಿನ ಕಾರ್ಯ. ಆದರೆ ಮೂಲಪಾಠಗಳು ಯಾವ ಕೋಶದಲ್ಲಿವೆ, ಫಲವನ್ನು ಎಲ್ಲಿ ಇಡಬೇಕು, ಯಾವ ನಿಯಮಗಳಿಗೆ ಒಳಪಡಿಸಬೇಕು ಎಂಬುದನ್ನು ಬೇರೆಯೇ ತಿಳಿಸಬೇಕಾಗುತ್ತದೆ. ಅದನ್ನು ತಿಳಿಸುವುದೇ ಪ್ರಾಜೆಕ್ಟ್ ಕಡತ. ಇದರಲ್ಲಿ ಬರುವ ಬೆಲೆಗಳು ಎರಡೇ ಜಾತಿಯವು: ಒಂದು, ಉದ್ಧರಣಚಿಹ್ನೆಗಳ ನಡುವೆ ಬರೆದ ಅಕ್ಷರಸರಣಿ, ಇನ್ನೊಂದು, ಅಂಥ ಸರಣಿಗಳನ್ನು ಆವರಣದೊಳಗೆ ಜೋಡಿಸಿದ ಪಟ್ಟಿ.

ಯಂತ್ರವು ಈ ಕಡತವನ್ನು ಓದುವಾಗ ಮೊದಲು ಪದಚ್ಛೇದವನ್ನೂ ಅನಂತರ ಅನ್ವಯವನ್ನೂ ಮಾಡುತ್ತದೆ. ಅನ್ವಯದ ಸೂತ್ರವು ಅತ್ಯಂತ ಲಘುವಾದುದು: ಒಂದು ಪದವು ಉಕ್ತಿಯಾಗುತ್ತದೆ; ಅಥವಾ ಒಂದು ಪದ, ಯೋಜಕಚಿಹ್ನೆಯಾದ ‘&’, ಅದರ ಮುಂದೆ ಮತ್ತೊಂದು ಉಕ್ತಿ, ಇಷ್ಟು ಸೇರಿ ಉಕ್ತಿಯಾಗುತ್ತದೆ. ಇಂಥ ಸೂತ್ರಗಳನ್ನು ಬರೆಯುವ ಪದ್ಧತಿಯನ್ನು ಜಾನ್ ಬ್ಯಾಕಸ್ 1959ರಲ್ಲಿ ಮಂಡಿಸಿದನು. ಪೀಟರ್ ನೌರ್ 1960ರಲ್ಲಿ ಅದನ್ನು ಆಲ್ಗಾಲ್ ಭಾಷೆಯ ವಿವರಣೆಯಲ್ಲಿ ಬಳಸಿದನು. ಪಾಣಿನಿಯ ಸೂತ್ರಶೈಲಿಯೊಡನೆ ಇದಕ್ಕಿರುವ ಸಾಮ್ಯವನ್ನು ಕಂಡು, ಈ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್ಮನ್ ಎಂಬ ವಿದ್ವಾಂಸನು 1967ರಲ್ಲಿ ಸೂಚಿಸಿದನು.

ಉದಾಹರಣೆಗಾಗಿ, ಹರಪನಹಳ್ಳಿ ತಾಲ್ಲೂಕಿನ ಶಾಸನಪಾಠಗಳನ್ನು ಊರೂರಿಗೆ ವಿಂಗಡಿಸುವ ಒಂದು ಪ್ರೋಗ್ರಾಮು ಇದೆಯೆಂದೂ, ಅದರ ಮೂಲಗಳು ‘ತೆಲಿಗಿ’, ‘ಬಾಗಳಿ’ ಎಂಬ ಕೋಶಗಳಲ್ಲಿವೆಯೆಂದೂ ಭಾವಿಸತಕ್ಕದ್ದು.

ಮೊದಲನೆಯದು ಆಕಾಂಕ್ಷೆ. "ತೆಲಿಗಿ" & ಎಂದು ಬರೆದು ನಿಲ್ಲಿಸಿದರೆ ಯೋಜಕವು ಉತ್ತರಪದವನ್ನು ಅಪೇಕ್ಷಿಸುತ್ತಲೇ ಇರುವುದರಿಂದ ಉಕ್ತಿಯು ಪೂರ್ಣವಾಗದು. "ತೆಲಿಗಿ" "ಬಾಗಳಿ" ಎಂದು ಯೋಜಕವಿಲ್ಲದೆ ಬರೆದರೂ ಅನ್ವಯವಿಲ್ಲ. ಅದು ಹಸು, ಕುದುರೆ, ಮನುಷ್ಯ, ಆನೆ ಎಂದು ಬರಿಯ ಹೆಸರುಗಳನ್ನು ಹೇಳಿದಂತೆ.

ಎರಡನೆಯದು ಯೋಗ್ಯತೆ. ("ಬಾಗಳಿ") & "ತೆಲಿಗಿ" ಎಂಬಲ್ಲಿ ಪೂರ್ವಪದವು ಪಟ್ಟಿ; ಅದಕ್ಕೆ ಒಂದು ಸರಣಿಯು ಸೇರಿ ಎರಡು ಅಂಗಗಳ ಪಟ್ಟಿಯಾಗುತ್ತದೆ. ಇದನ್ನೇ ತಿರುಗಿಸಿ "ಬಾಗಳಿ" & ("ತೆಲಿಗಿ") ಎಂದರೆ ಯಂತ್ರವು ಒಪ್ಪುವುದಿಲ್ಲ. ಪೂರ್ವಪದದಿಂದಲೇ ಉಕ್ತಿಯ ಜಾತಿಯು ನಿರ್ಣೀತವಾಗುವುದರಿಂದ ಸರಣಿಯೊಳಗೆ ಪಟ್ಟಿಗೆ ಸ್ಥಾನವಿಲ್ಲ. ಪಟ್ಟಿಯೊಳಗೆ ಮತ್ತೊಂದು ಪಟ್ಟಿಯೂ ಸಲ್ಲದು. ಬೆಂಕಿಯಿಂದ ತೋಯಿಸೆಂದರೆ ಪದಗಳಿದ್ದರೂ ಅರ್ಥಬಾಧೆಯುಂಟಾಗುವುದಷ್ಟೆ, ಇದೂ ಹಾಗೆಯೇ.

ಮೂರನೆಯದು ಸನ್ನಿಧಿ. ಪದಪದಗಳ ನಡುವೆ ಎಷ್ಟು ಅವಕಾಶವಿದ್ದರೂ, ಸಾಲು ಮುರಿದರೂ ಬಾಧಕವಿಲ್ಲ. ಆದರೆ ಒಂದು ಸರಣಿಯು ತಾನು ಆರಂಭವಾದ ಸಾಲಿನಲ್ಲಿಯೇ ಮುಗಿಯತಕ್ಕದ್ದು. ಸರಣಿಯ ಬದಲು ಒಂದು ಹೆಸರನ್ನು ಪ್ರಯೋಗಿಸುವುದಾದರೆ ಆ ಸಂಜ್ಞೆಯನ್ನು ಮೊದಲೇ ವಿಧಿಸಿರಬೇಕು. ಮುಂದೆ ಹೇಳುವೆನೆಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಕನ್ನಡ ವೈಯಾಕರಣರಿಗೆ ಇಲ್ಲಿ ಗಮನಾರ್ಹವಾದ ಒಂದು ವಿಶೇಷವಿದೆ. ಈ ಯೋಜನೆಯಲ್ಲಿ ಸಂಧಿಕಾರ್ಯವೇ ಇಲ್ಲ. ‘ಊರು’, ‘ಅಲ್ಲಿ’ ಎಂಬುವು ಕೂಡಿದರೆ ಲೋಪಸಂಧಿಯಿಂದ ‘ಊರಲ್ಲಿ’ ಎಂದಾಗುವುದು ನಮ್ಮ ಭಾಷೆಯ ಸ್ವಭಾವ. ಯಂತ್ರಕ್ಕೆ "ಊರು" & "ಅಲ್ಲಿ" ಎಂದು ಕೊಟ್ಟರೆ ‘ಊರುಅಲ್ಲಿ’ ಎಂದೇ ಬರುತ್ತದೆ. ಲೋಪವಾಗಲಿ ಆಗಮವಾಗಲಿ ಆದೇಶವಾಗಲಿ ಇಲ್ಲದ ಈ ಸ್ಥಿತಿಯನ್ನು ಸಾರ್ವತ್ರಿಕವಾದ ಪ್ರಕೃತಿಭಾವವೆನ್ನಬಹುದು. ಪದಗಳ ನಡುವೆ ತೆರಪನ್ನಾಗಲಿ ಓರೆಗೆರೆಯನ್ನಾಗಲಿ ಅದು ತಾನಾಗಿ ಸೇರಿಸುವುದೂ ಇಲ್ಲ.

ಇದರಿಂದಲೇ ನಾಲ್ಕನೆಯ ಹೇತುವಾದ ತಾತ್ಪರ್ಯದ ಪ್ರಶ್ನೆಯು ಒದಗುತ್ತದೆ. ‘ತೆಲಿಗಿ’ ಕೋಶದೊಳಗಿನ ‘ಶಾಸನ’ ಎಂಬ ಕೋಶವನ್ನು ಸೂಚಿಸಲು "ತೆಲಿಗಿ" & "/" & "ಶಾಸನ" ಎಂದು ಬರೆಯಬೇಕು. ನಡುವಣ ಓರೆಗೆರೆಯನ್ನು ಮರೆತು "ತೆಲಿಗಿ" & "ಶಾಸನ" ಎಂದು ಬರೆದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಇವೆ; ವ್ಯಾಕರಣದೋಷವೊಂದೂ ಇಲ್ಲ; ಅನ್ವಯಕ್ರಿಯೆಯು ನಿರಾತಂಕವಾಗಿ ಮುಗಿಯುತ್ತದೆ. ಆದರೆ ಸಿದ್ಧಿಸಿದುದು ‘ತೆಲಿಗಿಶಾಸನ’ ಎಂಬ, ಎಲ್ಲಿಯೂ ಇಲ್ಲದ ಕೋಶದ ಹೆಸರು. ದೋಷವು ಹೊರಬೀಳುವುದು ಆ ಕೋಶವನ್ನು ಹುಡುಕಹೊರಟಾಗಲೇ.

ಇದಕ್ಕಿಂತಲೂ ಸೂಕ್ಷ್ಮವಾದುದು ಬಾಹ್ಯಮೌಲ್ಯದ ಪ್ರಸಂಗ. ಕಡತದ ಹೊರಗಿನಿಂದ, ಎಂದರೆ ಪ್ರೋಗ್ರಾಮನ್ನು ಸಿದ್ಧಪಡಿಸುವವನ ಆಜ್ಞೆಯಿಂದ, ಬರತಕ್ಕ ಸರಣಿಯನ್ನೂ ಉಕ್ತಿಯಲ್ಲಿ ಸೇರಿಸಬಹುದು. ಅದು ಬಾರದಿದ್ದರೆ ಗ್ರಹಿಸಬೇಕಾದ ಬೆಲೆಯನ್ನು ಮೊದಲೇ ಬರೆದಿಡಲೂಬಹುದು. ಹಾಗೆ ಬರೆದಿಟ್ಟಿದ್ದಲ್ಲಿ, ಆಜ್ಞಾಪಿಸುವವನು ಮರೆತರೂ ಯಂತ್ರವು ಎಚ್ಚರಿಸದು; ಬರೆದಿಟ್ಟ ಬೆಲೆಯನ್ನೇ ಸ್ವೀಕರಿಸಿ ಮುಂದುವರಿಯುತ್ತದೆ. ಬಾಗಳಿಯ ಪಾಠಗಳು ಬೇಕಾದವನಿಗೆ ತೆಲಿಗಿಯ ಪಾಠಗಳು ಬರಬಹುದು. ಅಡಾ ಭಾಷೆಯು ವಿಮಾನಗಳ ನಿಯಂತ್ರಣದಂಥ ಕಾರ್ಯಗಳಲ್ಲಿಯೂ ಪ್ರಯುಕ್ತವಾಗಿರುವುದರಿಂದ ಇಂಥ ಪ್ರಮಾದವು ಅಲ್ಪವೆಂದು ಉಪೇಕ್ಷಿಸತಕ್ಕದ್ದಲ್ಲ. ಈ ಕಾರಣದಿಂದಲೇ ಒಂದು ಹೆಸರಿಗೆ ಸಲ್ಲತಕ್ಕ ಬೆಲೆಗಳನ್ನು ಪರಿಗಣನ ಮಾಡಿಡುವ ವ್ಯವಸ್ಥೆಯೂ ಅಲ್ಲಿದೆ. ಆ ಗಣದಲ್ಲಿ ಸೇರದ ಬೆಲೆಯು ಬಂದರೆ ಯಂತ್ರವು ಕೂಡಲೇ ನಿರಾಕರಿಸುತ್ತದೆ. ಆದರೂ ಗಣದೊಳಗಿನ ಎರಡರಲ್ಲಿ ಯಾವುದು ವಿವಕ್ಷಿತವೆಂಬುದನ್ನು ಅದು ಅರಿಯಲಾರದು.

ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳು 1939ರಲ್ಲಿ ದಕ್ಷಿಣಭಾರತ ಶಾಸನಸಂಪುಟಗಳ ಒಂಬತ್ತನೆಯದರ ಮೊದಲ ಭಾಗದಲ್ಲಿ ಮುದ್ರಿತವಾದುವು. ಶಿಲಾಲಿಪಿಯಲ್ಲಿ ಪದಪದಗಳ ನಡುವೆ ತೆರಪಿಲ್ಲದೆ ಅಕ್ಷರಗಳು ಒತ್ತಾಗಿ ಸಾಗುವುದು ಸಾಮಾನ್ಯ. ಅಲ್ಲಿ ಪದಚ್ಛೇದವನ್ನು ಮಾಡುವ ಸಂಪಾದಕನು ದೇಶ, ಕಾಲ, ದಾತೃ, ದೇಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ವ್ಯಾಕರಣಸಮ್ಮತವಾದ ಎರಡು ಪಾಠಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಆಯ್ಕೆಯ ಭಾರವಿಲ್ಲ. ಅದರ ಸೂತ್ರಗಳು ಒಂದು ಉಕ್ತಿಗೆ ಎರಡು ಅನ್ವಯಗಳು ಬಾರದಂತೆ ರಚಿತವಾಗಿವೆ. ಆದುದರಿಂದ ವ್ಯಾಕರಣಶುದ್ಧಿಯನ್ನು ಯಂತ್ರಕ್ಕೆ ಒಪ್ಪಿಸಬಹುದು. ವಿವಕ್ಷೆಯ ಹೊಣೆಯು ಬರೆಯುವವನಲ್ಲಿಯೇ ಉಳಿಯುತ್ತದೆ.