ಚಂದ್ರನ ಇಟ್ಟಿಗೆಗೆ ಬೆಂಗಳೂರಿನ ಹೆಪ್ಪು



ಊರಿನಿಂದ ಹ್ಯೂಸ್ಟನ್‌ಗೆ ಹೊರಡುವ ಹಿಂದಿನ ರಾತ್ರಿ ನಮ್ಮೆಲ್ಲರ ಮನೆಯಲ್ಲೂ ಅದೇ ದೃಶ್ಯ ಅಲ್ಲವೇ? ಎರಡು ಸೂಟ್‌ಕೇಸು, ತಲಾ 23 ಕಿಲೋ. ಅಮ್ಮ ಹುಳಿಪುಡಿ ತುಂಬುತ್ತಾರೆ, ನಾವು ತೂಕ ನೋಡಿ ತೆಗೆಯುತ್ತೇವೆ!

ಮೊನ್ನೆ ಮಗಳನ್ನು ಇಲ್ಲಿನ ಸ್ಪೇಸ್ ಸೆಂಟರ್‌ಗೆ ಕರೆದೊಯ್ದಿದ್ದೆ. ಅಲ್ಲಿ ಚಂದ್ರಶಿಲೆಯ ಚೂರೊಂದನ್ನು ಮುಟ್ಟಿ ನೋಡಬಹುದು. ಮುಟ್ಟಿದವಳೇ ಕೇಳಿದಳು: "ಅಪ್ಪಾ, ನೀನು ಸಿವಿಲ್ ಎಂಜಿನಿಯರ್ ಅಲ್ವಾ? ಚಂದ್ರನ ಮೇಲೆ ಮನೆ ಕಟ್ಟೋಕೆ ಇಟ್ಟಿಗೆನ ಇಲ್ಲಿಂದಲೇ ಹೊತ್ಕೊಂಡು ಹೋಗ್ಬೇಕಾ?"

ಇಪ್ಪತ್ತು ವರ್ಷ ಕಟ್ಟಡ ಕಟ್ಟಿಸಿದವನಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದಲು ಕೂತೆ. ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತೆ? ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ!

ಬಾಹ್ಯಾಕಾಶಕ್ಕೆ ಒಂದು ಪೌಂಡ್ ಸಾಮಾನು ಸಾಗಿಸಲು ಸುಮಾರು 7.5 ಲಕ್ಷ ರೂಪಾಯಿ ಬೇಕೆಂದು ಅವರು 2020ರಲ್ಲಿ ಹೇಳಿದ್ದರು. ಮೂರು ಕಿಲೋದ ಒಂದೇ ಇಟ್ಟಿಗೆಗೆ ಐವತ್ತು ಲಕ್ಷದ ಹತ್ತಿರ! ಹಾಗಾಗಿ ಅಲ್ಲಿನ ಮಣ್ಣಿನಿಂದಲೇ ಇಟ್ಟಿಗೆ ಆಗಬೇಕು. ಅಪೋಲೋ ಯಾತ್ರಿಗಳು 1969ರಿಂದ 1972ರವರೆಗೆ ತಂದ ಕಲ್ಲು ಮಣ್ಣು ಒಟ್ಟು 382 ಕಿಲೋ ಮಾತ್ರ. ಅದರಲ್ಲಿ ಇಟ್ಟಿಗೆ ಮಾಡಿ ನೋಡಲು ಯಾರೂ ಬಿಡುವುದಿಲ್ಲ. ಚಂದ್ರನ ಮಣ್ಣಿನ ಗುಣವನ್ನೇ ಹೋಲುವ ಪುಡಿಯನ್ನು ಭೂಮಿಯಲ್ಲಿ ತಯಾರಿಸಿ ಪ್ರಯೋಗ ಮಾಡುತ್ತಾರೆ.

ಪ್ರೊ. ಅಲೋಕ್ ಕುಮಾರ್, ಪ್ರೊ. ಕೌಶಿಕ್ ವಿಶ್ವನಾಥನ್ ಮತ್ತು ಸಂಗಡಿಗರು ಇಸ್ರೋ ಜೊತೆಗೂಡಿ ಈ ಪುಡಿಗೆ ಸ್ಪೋರೊಸಾರ್ಸಿನಾ ಪಾಸ್ಟ್ಯೂರಿ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಕ್ಯಾಲ್ಸಿಯಂ ಸೇರಿಸಿದರು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುತ್ತದೆ. ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣಕಲ್ಲಿನ ಹರಳು ಹುಟ್ಟುತ್ತದೆ. ಅದು ಮಣ್ಣಿನ ಕಣಗಳನ್ನು ಬೆಸೆಯುತ್ತದೆ. ಯೂರಿಯಾ ಯಾತ್ರಿಗಳ ಮೂತ್ರದಲ್ಲೇ ಸಿಗುತ್ತದೆ ಎಂದಾಗ ಮಗಳು ಬಿದ್ದು ಬಿದ್ದು ನಕ್ಕಳು. ಇಟ್ಟಿಗೆಗೆ ಇನ್ನಷ್ಟು ಬಲ ಬರಲು ಹಾಕಿದ್ದು ಗೌರ್ ಗಮ್, ಅಂದರೆ ನಮ್ಮ ಗೋರಿಕಾಯಿ ಬೀಜದ ಅಂಟು!

ಚಂದ್ರನಲ್ಲಿ ಹಗಲು 120 ಡಿಗ್ರಿ ದಾಟುವ ಬಿಸಿ, ರಾತ್ರಿ ಮೈನಸ್ 130ರ ಚಳಿ. ಇಟ್ಟಿಗೆ ಬಿರುಕು ಬಿಡದೇ ಇರದು. 2025ರಲ್ಲಿ ಇದೇ ಸಂಸ್ಥೆಯವರು, ಕುಲುಮೆಯಲ್ಲಿ ಸುಟ್ಟ ಇಟ್ಟಿಗೆಯ ಬಿರುಕನ್ನೂ ಈ ಬ್ಯಾಕ್ಟೀರಿಯಾದಿಂದ ಮುಚ್ಚಿ, ಕಳೆದುಕೊಂಡ ಬಲದ ಒಂದು ಭಾಗವನ್ನು ಮರಳಿ ತಂದು ತೋರಿಸಿದರು.

ಕೆಲಸ ಮುಗಿದಿಲ್ಲ. ಗಾಳಿಯಿಲ್ಲದ, ನೀರು ದುರ್ಲಭವಾದ ಆ ನೆಲದಲ್ಲಿ ಈ ಜೀವಿ ಬಯಲಲ್ಲಿ ಬದುಕಲಾರದು. ಅದಕ್ಕೂ ಒಂದು ಬೆಚ್ಚನೆಯ ಕೋಣೆ ಬೇಕು. ಇಟ್ಟಿಗೆ ಮಾಡಲು ಮೊದಲು ಮನೆ ಬೇಕು!

ಆದರೂ ಓದುತ್ತಾ ನನಗೆ ನೆನಪಾದದ್ದು ನಮ್ಮ ಫ್ರಿಜ್ಜಿನ ಮೊಸರು. ಇಲ್ಲಿಗೆ ಬಂದ ಹೊಸದರಲ್ಲಿ, ಯಾರ ಪರಿಚಯವೂ ಇಲ್ಲದಾಗ, ಸಂಘದ ಹಿರಿಯರೊಬ್ಬರು ಪುಟ್ಟ ಡಬ್ಬಿಯಲ್ಲಿ ಹೆಪ್ಪು ಕೊಟ್ಟಿದ್ದರು. ಹಾಲು ಟೆಕ್ಸಾಸಿನದು, ಮೊಸರು ಮಾತ್ರ ನಮ್ಮದೇ. ಎಲ್ಲವನ್ನೂ ಹೊತ್ತು ತರಲಾಗುವುದಿಲ್ಲ. ಒಂದು ಚಮಚ ತಂದರೆ ಸಾಕು.

ಅಂದ ಹಾಗೆ, ಗೋರಿಕಾಯಿ ಪಲ್ಯ ಕಂಡರೆ ಮೂಗು ಮುರಿಯುತ್ತಿದ್ದ ಮಗಳು ಈಗ ಎರಡು ತುತ್ತು ತಿನ್ನುತ್ತಾಳೆ. ಹೆಪ್ಪು ಬೇಕಾದವರು ಮುಂದಿನ ಕೂಟಕ್ಕೆ ಡಬ್ಬಿ ತನ್ನಿ!